ಎಲ್ಲಿಗೆ ಎಂದು ಕೇಳದ ಮನೆ

ಬಹಳ ಹಿಂದಿನ ಮಾತು. ಸಿರಿವಂತಿ ಎಂಬ ರಾಜ್ಯದಲ್ಲಿ ಬಿಲ್ಲು ಮಾಡಿ ಬಾಳುವ ಸಂಕವ್ವನಿಗೆ ಇಬ್ಬರು ಮಕ್ಕಳು. ಹಿರಿಯವನು ಬೊಮ್ಮ, ಕಿರಿಯವನು ಕೆಂಚ. ಒಂದು ಬೆಳಿಗ್ಗೆ ಬೊಮ್ಮ ಬುತ್ತಿ ಕಟ್ಟಿಕೊಂಡು, ಬಿಲ್ಲುಗಳನ್ನು ಹೊತ್ತು ಹೊರಟ. "ಎಲ್ಲಿಗಣ್ಣಾ?" ಎನ್ನಲು ಕೆಂಚ ಬಾಯಿ ತೆರೆದ.

"ಹೊರಟವರನ್ನ ಎಲ್ಲಿಗೆ ಅಂತ ಕೇಳಬಾರದು ಕಣೋ, ಹೋದ ಕೆಲಸ ಕೆಡುತ್ತೆ," ಎಂದು ಅವ್ವ ಗದರಿದಳು. ಕೆಂಚ ಬಾಯಿ ಮುಚ್ಚಿದ.

ಹೋದ ಬೊಮ್ಮ ಬರಲಿಲ್ಲ. ಹುಡುಕೋಣವೆಂದರೆ ಯಾವ ದಿಕ್ಕಿಗೆ ಹೋದನೆಂದೇ ತಿಳಿಯದು. ಎಂಥ ಶಾಸ್ತ್ರವೋ ಏನೋ.

ಊರೂರು ಅಲೆದ ಕೆಂಚ ಕೊನೆಗೆ ಮಾಂತ್ರಿಕನೊಬ್ಬನ ಕೋಟೆಗೆ ಬಂದ. ಮೊದಲ ಬಾಗಿಲಲ್ಲಿ ಹುಲಿಯಿತ್ತು. ಅದು ಗರ್ಜಿಸಲಿಲ್ಲ, ಅವನನ್ನೇ ನೋಡುತ್ತಾ ಮೆಲ್ಲಗೆ ಹತ್ತಿರ ಬಂತು. ಹುಲಿಯ ಜೊತೆ ಎಂಥ ಮಾತು ಎಂದುಕೊಂಡು ಕೆಂಚ ಬಾಣ ಬಿಟ್ಟ. ಹುಲಿ ಹೊಸ್ತಿಲ ಮೇಲೆ ಉರುಳಿತು.

ಎರಡನೆಯ ಬಾಗಿಲಲ್ಲಿ ಆನೆಯಿತ್ತು. ಬಿಲ್ಲೆತ್ತಿದರೆ ಹೆದೆ ಕಿತ್ತುಹೋಯಿತು. ಬೇರೆ ದಾರಿ ಕಾಣದೆ ಕೆಂಚ ಕೇಳಿದ, "ನೀನು ಯಾರಪ್ಪಾ?"

ಆನೆ ಮಾಯವಾಗಿ ಅಲ್ಲೊಬ್ಬ ಮುದುಕ ನಿಂತಿದ್ದ. "ಬದುಕಿಸಿದೆ ಮಗನೇ. ಇಲ್ಲಿರೋ ಪ್ರಾಣಿಗಳೆಲ್ಲ ಮನುಷ್ಯರೇ. ಯಾರು ಅಂತ ಒಬ್ಬರು ಕೇಳಿದರೆ ಸಾಕು, ಮಾಟ ಬಿಡುತ್ತೆ. ಕೇಳೋರೇ ಬರಲಿಲ್ಲ."

ಕೆಂಚ ಮೊದಲ ಬಾಗಿಲಿನತ್ತ ತಿರುಗಿ ನೋಡಿದ. "ಹಾಗಾದರೆ ಆ ಹುಲಿ ಯಾರು ತಾತ?"

"ಬಿಲ್ಲು ಮಾರೋಕೆ ಬಂದವನು. ಮಾಟ ಬೀಳೋ ಮುಂಚೆ, ನನ್ನ ತಮ್ಮ ಬಂದೇ ಬರ್ತಾನೆ ಅಂತಿದ್ದ."

ಕೆಂಚನಿಗೆ ಅಳುವುದಕ್ಕೂ ಆಗಲಿಲ್ಲ. ಮೂರನೆಯ ಬಾಗಿಲು ದಾಟಿ ಮಾಂತ್ರಿಕನ ಎದುರು ನಿಂತ. ಕೇಳುವುದನ್ನು ಈಗ ಕಲಿತಿದ್ದ. "ನಿನ್ನ ಪ್ರಾಣ ಎಲ್ಲಿದೆ?" ಎಂದ.

ಕೇಳಿದ್ದಕ್ಕೆ ನಿಜ ಹೇಳಲೇಬೇಕೆಂಬುದು ಆ ಮಾಂತ್ರಿಕನ ವಿದ್ಯೆಯ ಕಟ್ಟು. ಜನ ಹೆದರಿ ಏನೂ ಕೇಳದಿದ್ದುದರಿಂದಲೇ ಅವನು ಅಷ್ಟು ಕಾಲ ಮೆರೆದಿದ್ದ. "ಈ ದೀಪದಲ್ಲಿ," ಎಂದು ಹಲ್ಲು ಕಡಿದ. ಕೆಂಚ ದೀಪವನ್ನು ಊದಿ ಆರಿಸಿದ.

ಮಾಂತ್ರಿಕ ಬೂದಿಯಾದ. ಜಿಂಕೆ, ನವಿಲು, ಮೊಲಗಳೆಲ್ಲ ಮನುಷ್ಯರಾಗಿ ನಗುತ್ತಾ ಮನೆಗೆ ಹೋದರು. ಮೊದಲ ಬಾಗಿಲ ಹೊಸ್ತಿಲ ಮೇಲೆ ಬೊಮ್ಮ ಮಾತ್ರ ಏಳಲಿಲ್ಲ. ಅವನ ಎದೆಯಲ್ಲಿ ತಮ್ಮನ ಬಾಣವಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬಂದ ಬುದ್ಧಿಯನ್ನು ಕೆಂಚ ಯಾರಿಗೆ ತೋರಿಸಬೇಕು?

ಸಿರಿವಂತಿಯ ಜನ ಸುಖವಾಗಿ ಬಾಳಿದರು. ಸಂಕವ್ವನ ಮನೆಯಲ್ಲಿ ಮಾತ್ರ ಶಾಸ್ತ್ರ ಬದಲಾಯಿತು. ಕೆಂಚ ಕೊಡ ಹಿಡಿದು ಹೊಸ್ತಿಲು ದಾಟಿದರೂ ಸಾಕು, ಆ ಮುದುಕಿ ಒಳಗಿನಿಂದ ಕೂಗುತ್ತಿದ್ದಳು, "ಎಲ್ಲಿಗೆ ಮಗಾ?"

ಅವನು ಪ್ರತಿಸಲವೂ ನಿಂತು, ಹಿಂದಿರುಗಿ ನೋಡಿ ಹೇಳುತ್ತಿದ್ದ, "ಬಾವಿಗೆ, ಅವ್ವಾ."