ಉಪ್ಪು ನೋಡುವ ಕೆಲಸ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದು ರಂಜಾನ್ ತಿಂಗಳಿನಲ್ಲಿ ಒಲೆಯ ಮೇಲೆ ಕುದಿಯುತ್ತಿದ್ದ ಒಂದು ಸೂಪಿನ ಕತೆ. ಆ ಮನೆಯವರೇ ಹೇಳಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಎಲ್ಲಾದರೂ ತಪ್ಪಿದ್ದರೆ ತಿದ್ದಿಕೊಂಡು ಓದಿ.

"ಕಾವೇರೀ! ನಾಲಿಗೆ ತಗೊಂಡು ಬಾ!"

ವಠಾರದ ಕೊನೆಯ ಮನೆಯಿಂದ ಫಹ್ಮಿದಾ ಚಾಚಿ ಕೂಗಿದರು.

"ಹೋಗಕ್ಕ, ನಾಲಿಗೆ ಮರ್ತು ಹೋಗ್ಬೇಡ" ಎಂದು ತಮ್ಮ ಈರೇಶ ಕಿಸಕ್ಕನೆ ನಕ್ಕ. "ನಿಂಗೆ ಆಗಲ್ಲ ಅಂದ್ರೆ ನಾನು ಹೋಗ್ತೀನಪ್ಪ. ನಂದೂ ಒಳ್ಳೇ ನಾಲಿಗೇನೇ."

"ನಿನ್ನ ನಾಲಿಗೆ ಬರೀ ಬಾಯಿ ಬಡ್ಕೊಳ್ಳೋಕೆ" ಎಂದು ಕಾವೇರಿ ಎದ್ದಳು.

ಆ ವರ್ಷ ರಂಜಾನ್ ತಿಂಗಳು ಡಿಸೆಂಬರ್ ಚಳಿಯಲ್ಲಿ ಬಂದಿತ್ತು. ಸಂಜೆಯಾದರೆ ಗರುಡಾಚಾರ್‌ಪಾಳ್ಯದ ಫ್ಯಾಕ್ಟರಿ ಗೋಡೆಗಳ ಆಚೆಯಿಂದ ಮಂಜೋ ಹೊಗೆಯೋ ತಿಳಿಯದ ಒಂದು ಬಿಳುಪು ಮೆಲ್ಲಗೆ ವಠಾರದೊಳಗೆ ಇಳಿಯುತ್ತಿತ್ತು. ಒಗೆಯುವ ಕಲ್ಲು, ನಲ್ಲಿ, ಒಣಗಲು ಹಾಕಿದ ಬಟ್ಟೆ ಎಲ್ಲವೂ ಅದರೊಳಗೆ ತೇಲುತ್ತಿರುವಂತೆ ಕಾಣುತ್ತಿದ್ದವು.

ಚಾಚಿ ರೋಜಾ ಹಿಡಿಯುತ್ತಿದ್ದರು. ಬೆಳಕು ಹರಿಯುವ ಮೊದಲು ಉಂಡರೆ ಸೂರ್ಯ ಮುಳುಗುವ ತನಕ ಒಂದು ಹನಿ ನೀರೂ ಇಲ್ಲ. ಹಾಗಾಗಿ ತಾವು ಮಾಡಿದ ಸೂಪಿಗೆ ಉಪ್ಪು ಸರಿಯಾಗಿದೆಯೇ ಎಂದು ಅವರೇ ರುಚಿ ನೋಡುತ್ತಿರಲಿಲ್ಲ. ತಿಂಗಳು ಶುರುವಾದಾಗಲೇ ಆ ಕೆಲಸಕ್ಕೆ ಕಾವೇರಿಯನ್ನು ಕರೆದಿದ್ದರು.

ಸ್ಕೂಲಿನಲ್ಲಿ ಕಾವೇರಿಯನ್ನು ಯಾರೂ ಮಾನಿಟರ್ ಮಾಡಿರಲಿಲ್ಲ. ಕಬಡ್ಡಿಗೂ ಸೇರಿಸಿಕೊಳ್ಳುತ್ತಿರಲಿಲ್ಲ. ಈ ಕೆಲಸ ಮಾತ್ರ ಅವಳದೇ. ಚಮಚದಲ್ಲಿ ಸೂಪು ತೆಗೆದುಕೊಂಡು, ಊದಿ, ಕಣ್ಣು ಮುಚ್ಚಿ, ದೊಡ್ಡ ಡಾಕ್ಟರ್ ಹಾಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕರೆಕ್ಟ್" ಅನ್ನುತ್ತಿದ್ದಳು.

ಆದರೆ ಇವತ್ತು ಅವಳಿಗೆ ನೆಗಡಿ. ಮೂಗು ಪೂರ್ತಿ ಕಟ್ಟಿ, ನಾಲಿಗೆಯೂ ಜಡ್ಡುಗಟ್ಟಿತ್ತು. ಮಧ್ಯಾಹ್ನ ಡಬ್ಬಿಯಲ್ಲಿದ್ದ ಬದನೆಕಾಯಿ ಪಲ್ಯ ತಿಂದರೆ ಕಾಗದ ತಿಂದ ಹಾಗಿತ್ತು.

ಚಾಚಿಯ ಮನೆಯಲ್ಲಿ ಸ್ಟವ್ ಬುಸುಗುಡುತ್ತಿತ್ತು. ಪಾತ್ರೆಯಲ್ಲಿ ಮಟನ್ ಮೂಳೆ, ಹೆಸರುಬೇಳೆ, ಶುಂಠಿ, ಮೆಣಸು ಎಲ್ಲ ಕೂಡಿ ಕುದಿಯುತ್ತಿದ್ದವು. ಹಬೆ ಎದ್ದು ಎದ್ದು ಛಾವಣಿಯ ಶೀಟಿನ ಕೆಳಗೆ ಮೋಡದಂತೆ ನಿಂತಿತ್ತು. ದಿನವೂ ಆ ಹಬೆಯ ಘಮ ಬಾಗಿಲಲ್ಲೇ ಅವಳನ್ನು ಎದುರುಗೊಳ್ಳುತ್ತಿತ್ತು. ಇವತ್ತು ಏನೂ ಇಲ್ಲ. ಸೌಂಡ್ ಆಫ್ ಮಾಡಿದ ಟೀವಿಯ ಹಾಗೆ ಸೂಪು ಸುಮ್ಮನೆ ಕುದಿಯುತ್ತಿತ್ತು.

"ಇವತ್ತು ಚೆನ್ನಾಗಿ ನೋಡು ಮಾ" ಎಂದರು ಚಾಚಿ. ದುಪಟ್ಟಾದ ತುದಿಯಿಂದ ಹಣೆ ಒರೆಸಿಕೊಂಡರು. "ನಮ್ಮ ಮಾವ ಬರ್ತಾ ಇದ್ದಾರೆ, ಶಿವಾಜಿನಗರದಿಂದ. ನಾವು ಅವರನ್ನ ಬಿಟ್ಟು ಇಲ್ಲಿ ಮನೆ ಮಾಡಿದ್ವಿ ಅಂತ ಕೋಪ. ಫಸ್ಟ್ ಟೈಮ್ ಬರೋದು. ಸೂಪು ಕೆಟ್ರೆ ಇನ್ನೊಂದ್ಸಲ ಬರಲ್ಲ, ಅಷ್ಟೇ."

ಕಾವೇರಿ ಚಮಚ ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ಬಿಸಿ, ಅಷ್ಟೇ. ಉಪ್ಪೂ ಇಲ್ಲ, ಶುಂಠಿಯೂ ಇಲ್ಲ.

ಗೊತ್ತಾಗ್ತಿಲ್ಲ ಅಂದರೆ ಚಾಚಿ ಈರೇಶನನ್ನು ಕರೆಯುತ್ತಾರೆ. ನಾಳೆಯೂ ಅವನನ್ನೇ.

"ಉಪ್ಪು ಕಮ್ಮಿ" ಎಂದಳು.

ಚಾಚಿ ಉಪ್ಪು ಹಾಕಿ ತಿರುವಿದರು. ಕಾವೇರಿ ಮತ್ತೆ ನೋಡಿದಳು. ಮತ್ತೆ ಬರೀ ಬಿಸಿ.

"ಇನ್ನೂ ಸ್ವಲ್ಪ."

"ಇನ್ನೂನಾ? ಆಗ್ಲೇ ಹಾಕಿದ್ನಲ್ಲಾ?" ಚಾಚಿ ಒಂದು ಗಳಿಗೆ ತಡೆದರು. ಆಮೇಲೆ ನಕ್ಕರು. "ಸರಿ, ನೀನು ಹೇಳಿದ್ಮೇಲೆ ಮುಗೀತು."

ಕಾವೇರಿ ಹೊರಗೆ ಬಂದು ಒಗೆಯುವ ಕಲ್ಲಿನ ಮೇಲೆ ಕೂತಳು. ಬಿಳುಪು ಈಗ ಅವಳ ಮೊಣಕಾಲಿನ ತನಕ ಬಂದಿತ್ತು. ಅದೆಲ್ಲ ಹಬೆ, ವಠಾರವೇ ಒಂದು ದೊಡ್ಡ ಪಾತ್ರೆ, ತಾನು ಅದರ ತಳದಲ್ಲಿ ಕೂತ ಒಂದು ಬೇಳೆ ಅನ್ನಿಸಿತು. ಮೇಲೆ ಯಾರೋ ದೊಡ್ಡವರು ನಿಂತು ಉಪ್ಪು ಹಾಕುತ್ತಲೇ ಇದ್ದಾರೆ, ಹಾಕುತ್ತಲೇ ಇದ್ದಾರೆ.

"ಮಂಜೂರ್ ಮನೆ ಯಾವ್ದು ಮಾ?"

ಕಾವೇರಿ ಬೆಚ್ಚಿದಳು. ಮಫ್ಲರ್ ಸುತ್ತಿಕೊಂಡ ತಾತ ಒಬ್ಬರು ಗೇಟಿನ ಹತ್ತಿರ ನಿಂತಿದ್ದರು. ಮಂಜೂರ್ ಅಂದರೆ ಫಹ್ಮಿದಾ ಚಾಚಿಯ ಗಂಡ. ಇವರೇ ಶಿವಾಜಿನಗರದ ಮಾವ, ಇನಾಯತ್ ಉಲ್ಲಾ ಸಾಹೇಬರು.

"ಲಾಸ್ಟ್ ಮನೆ ತಾತಾ. ಬನ್ನಿ."

ಅವರು ನಿಧಾನವಾಗಿ ನಡೆದರು. ನಲ್ಲಿಯ ಹತ್ತಿರ ನಿಂತು ಏದುಸಿರು ಬಿಟ್ಟರು. ತುಟಿ ಒಣಗಿ ಬಿಳಚಿಕೊಂಡಿತ್ತು.

"ಬಸ್ಸಲ್ಲಿ ಕಿಟಕಿ ಮುಚ್ಚಕ್ಕೇ ಆಗ್ಲಿಲ್ಲ. ಕೈಯೆಲ್ಲಾ ಐಸ್ ಆಗೋಗಿದೆ" ಎಂದರು. "ಸೊಸೆ ಸೂಪು ಮಾಡ್ತಾಳಂತೆ. ಅದನ್ನೇ ನೆನೆಸ್ಕೊಂಡು ಕೂತಿದ್ದೆ, ಇಷ್ಟು ದೂರ."

ಕಾವೇರಿ ಚಾಚಿಯ ಮನೆಯ ಕಡೆ ತಿರುಗಿ ನೋಡಿದಳು.

ಮಂಜೂರ್ ಚಾಚಾ ಬಂದು ತಂದೆಯನ್ನು ಒಳಗೆ ಕರೆದುಕೊಂಡು ಹೋಗಿ ಚಾಪೆಯ ಮೇಲೆ ಕೂರಿಸಿದರು. ಕಾವೇರಿ ಒಲೆಯ ಹತ್ತಿರ ಹೋಗಿ ಚಾಚಿಯ ತೋಳು ಹಿಡಿದುಕೊಂಡಳು.

"ಚಾಚಿ, ನಂಗೆ ಇವತ್ತು ರುಚಿನೇ ಗೊತ್ತಾಗ್ತಿಲ್ಲ" ಎಂದು ಪಿಸುಗುಟ್ಟಿದಳು. "ಮೂಗು ಕಟ್ಟಿದೆ. ಉಪ್ಪು ಕಮ್ಮಿ ಅಂತ ಸುಮ್ನೆ ಅಂದ್ಬಿಟ್ಟೆ."

ಚಾಚಿಯ ಕೈಯಲ್ಲಿದ್ದ ಸೌಟು ನಿಂತಿತು. "ಯಾ ಅಲ್ಲಾ! ಎರಡು ಸಲ ಹಾಕಿದ್ನಲ್ಲೇ!" ಬೈಯಲು ಬಾಯಿ ತೆರೆದವರು, ಒಳಗೆ ಮಾವ ಕೆಮ್ಮಿದ್ದು ಕೇಳಿ ದನಿ ತಗ್ಗಿಸಿದರು. "ಹೋಗು. ಈರೇಶನ್ನ ಕರ್ಕೊಂಡು ಬಾ. ಓಡು!"

ಕಾವೇರಿಯೇ ಹೋಗಿ ಕರೆದಳು. ಈರೇಶ ಅಂಗಿ ಎಳೆದುಕೊಳ್ಳುತ್ತಾ, ತಲೆ ಬಾಚಿಕೊಂಡೇ ಬಂದ. ಒಂದು ಚಮಚ ಬಾಯಿಗಿಟ್ಟ.

ಈಗ ಕಾವೇರಿ ಪಕ್ಕದಲ್ಲಿ ನಿಂತಿದ್ದಳು, ಕಣ್ಣು ಬಿಟ್ಟುಕೊಂಡು. ಚಾಚಿ ಈರೇಶನ ಮುಖವನ್ನೇ ನೋಡುತ್ತಿದ್ದರು. ಅವನ ಹುಬ್ಬು, ಅವನ ಗಂಟಲು, ಅವನ ತುಟಿ. ಅವನು ಚಮಚ ಎತ್ತಿದಾಗ ಅವರ ಕತ್ತೂ ಮೇಲೆದ್ದಿತು. ಅವನು ನುಂಗಿದಾಗ ಏನೂ ಇಲ್ಲದ ತಮ್ಮ ಬಾಯಿಯಲ್ಲಿ ಅವರೂ ನುಂಗಿದರು.

ದಿನಾ ನನ್ನನ್ನೂ ಹೀಗೇ ನೋಡ್ತಿದ್ರಾ ಅಂದುಕೊಂಡಳು ಕಾವೇರಿ.

"ಥೂ! ಥೂ! ಸಮುದ್ರ ಚಾಚಿ ಇದು, ಸಮುದ್ರ! ಮೀನು ಬಿಡ್ಬಹುದು!"

"ಮೆಲ್ಲಗೆ ಕಣೋ!" ಚಾಚಿ ಅವನ ಬಾಯಿ ಮುಚ್ಚಿದರು.

ಅಷ್ಟರಲ್ಲಿ ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದ ಸಾಬಮ್ಮ, ಕಾವೇರಿಯ ಅವ್ವ, ಮಕ್ಕಳನ್ನು ಹುಡುಕಿಕೊಂಡು ಬಾಗಿಲಲ್ಲಿ ನಿಂತಳು. ಮಗಳ ಕಣ್ಣಲ್ಲಿ ನೀರು ಕಂಡಿತು. ಪಾತ್ರೆ ಕಂಡಿತು.

"ಉಪ್ಪು ಹೆಚ್ಚಾತೇನ್ರಿ? ಅಷ್ಟೇ ಹೌದಲ್ಲೋ. ಅದಕ್ಯಾಕ ಅಳ್ತಿ?" ಎಂದಳು. "ಈರೇಶ, ದೊಡ್ಡ ಪಾತೇಲಿ ತಾ. ಕಾವೇರಿ, ಜ್ವಾಳದ ಹಿಟ್ಟಿನ ಡಬ್ಬಿ ತಾ. ಲಗೂನ ಹೋಗ್ರಿ!"

ಸೂಪು ದೊಡ್ಡ ಪಾತ್ರೆಗೆ ಹೋಯಿತು. ಕುದಿಯುವ ನೀರು ಬಿತ್ತು. ಸಾಬಮ್ಮ ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಸಣ್ಣಗೆ ಸುರಿದಳು, ಊರಲ್ಲಿ ಅಂಬಲಿ ಕಾಸುವ ಹಾಗೆ. ಚಾಚಿ ಗಂಟಾಗದಂತೆ ತಿರುವಿದರು. ಸೂಪು ಮಂದವಾಯಿತು, ಬೆಳ್ಳಗಾಯಿತು, ಗುಳುಗುಳು ಎಂದಿತು. ಪಾತ್ರೆಯ ಅಂಚಿನ ತನಕ ಬಂತು.

"ಈಗ?" ಎಂದರು ಚಾಚಿ.

ಈರೇಶ ಚಮಚ ಚೀಪಿ ತಲೆ ಕೆರೆದುಕೊಂಡ. "ಓಕೆ ಅನ್ಸುತ್ತೆ. ಆಗ್ಲೇ ಉಪ್ಪು ತಿಂದೂ ತಿಂದೂ ನನ್ ನಾಲಿಗೇನೂ ಹೋಯ್ತು."

ಮತ್ತೆ ನೋಡಲು ಹೊತ್ತಿರಲಿಲ್ಲ. ದೂರದ ಮಸೀದಿಯಿಂದ ಆಜಾನ್ ಬಿಳುಪಿನೊಳಗೆ ಈಜಿಕೊಂಡು ಬಂತು.

ತಾತ ಖರ್ಜೂರ ತಿಂದು, ನೀರು ಕುಡಿದು, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಒಂದು ಗುಟುಕು ಕುಡಿದರು.

"ನಮ್ಮ ಮನೆ ಸೂಪು ಹೀಗಿರಲ್ಲ" ಎಂದರು.

ಚಾಚಿ ನೆಲ ನೋಡಿದರು.

ತಾತ ಮತ್ತೆ ಕುಡಿದರು. ಬಟ್ಟಲು ಖಾಲಿಯಾಯಿತು. ಅದನ್ನು ಸೊಸೆಯ ಕಡೆ ಚಾಚಿದರು. "ಇನ್ನಷ್ಟು ಹಾಕಮ್ಮ. ಕೈ ಈಗ ಸ್ವಲ್ಪ ಬಿಸಿ ಆಗ್ತಿದೆ."

ಸೂಪು ಬೇಕಾದಷ್ಟಿತ್ತು. ವಠಾರದವರೆಲ್ಲ ಲೋಟ ಹಿಡಿದು ಬಂದರು. ಹೊಸ್ತಿಲ ಹತ್ತಿರ ಕೂತ ಕಾವೇರಿಯ ಕೈಗೂ ಚಾಚಿ ಒಂದು ಬಟ್ಟಲು ಕೊಟ್ಟರು. ಅವಳ ಸ್ವೆಟರಿನ ಮೇಲಿನ ಗುಂಡಿ ಹಾಕಿ ಹೋದರು.

ಸೂಪು ಗಂಟಲಿನಲ್ಲಿ ಬೆಚ್ಚಗೆ ಇಳಿಯಿತು. ರುಚಿ ಇಲ್ಲ. ಕಾವೇರಿ ಕುಡಿಯುತ್ತಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಅವ್ವನ ಹುಬ್ಬು, ಚಾಚಾನ ಗಂಟಲು, ಹಬೆಯ ಹಿಂದೆ ಅರ್ಧ ಮುಚ್ಚಿದ ತಾತನ ಕಣ್ಣು. ಯಾರನ್ನೂ ಏನೂ ಕೇಳಲಿಲ್ಲ, ನೋಡುತ್ತಲೇ ಇದ್ದಳು.

ಉಪ್ಪು ಕೊನೆಗೂ ಸರಿಯಾಗಿತ್ತೇ? ತಾತ ಎರಡನೇ ಸಲ ಕೇಳಿದ್ದು ರುಚಿಗೋ, ಹಸಿವಿಗೋ, ಸೊಸೆಯ ಮುಖ ನೋಡಿಯೋ? ಅದು ನನಗೆ ತಿಳಿಯದು.