ಮೂರನೇ ತಂತಿಯ ವಂಶವೃಕ್ಷ

ನಾದವಂಶದರ್ಶಕವೆಂಬ ಯಂತ್ರಕ್ಕೆ ದಾಕ್ಷಿಣ್ಯವೆಂಬುದೇ ಗೊತ್ತಿರಲಿಲ್ಲ. ಯಾವ ಧ್ವನಿಮುದ್ರಣ ಕೊಟ್ಟರೂ ಸರಿ, ಆ ವಾದಕನಿಗೆ ಯಾರ ಕೈಚಾಳಿ ಅಂಟಿದೆಯೆಂದು ಪರದೆಯ ಮೇಲೆ ಗೆರೆ ಎಳೆದು ತೋರಿಸಿಬಿಡುತ್ತಿತ್ತು. ಮೈಸೂರಿನ ಪ್ರಯೋಗಾಲಯದಲ್ಲಿ ೨೦೩೩ರ ಆ ಬೆಳಿಗ್ಗೆ ಅದು ೧೯೬೦ರ ದಶಕದ ಪಾಶ್ಚಾತ್ಯ ಸಂಗೀತಗಾರರನ್ನು ಜಾಲಾಡುತ್ತಿತ್ತು. ಜಾನಪದ ಗಾಯಕರು ರಾಕ್ ತಂಡಗಳನ್ನು ಕೇಳಿ ಎಲೆಕ್ಟ್ರಿಕ್ ಗಿಟಾರ್ ಹಿಡಿದದ್ದು, ಆ ತಂಡದವರು ಇವರನ್ನು ಕೇಳಿ ತಮ್ಮ ಹಾಡಿನ ಮಾತಿಗೆ ತೂಕ ತಂದುಕೊಂಡದ್ದು, ಎಲ್ಲವೂ ಹಗ್ಗದಂತೆ ಹೆಣೆದುಕೊಂಡು ಕಾಣುತ್ತಿತ್ತು.

"ಇದೆಲ್ಲ ಹೇಗಮ್ಮ ಗೊತ್ತಾಗುತ್ತೆ ಇದಕ್ಕೆ?" ಎಂದು ಕೇಳಿದರು ಜಯಕರ. ವಯಸ್ಸು ಎಂಬತ್ತೈದು, ಊರಿಗೆಲ್ಲ ಗಿಟಾರ್ ಮೇಷ್ಟ್ರು.

"ನಡಿಗೆ ನೋಡೇ ಇಂಥವರ ಮಗ ಅಂತೀವಲ್ಲ ಅಂಕಲ್, ಹಾಗೆ. ಬೆರಳು ತಂತಿ ಬಿಡೋ ಗಳಿಗೇನ ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗೂ ಅಳೆಯುತ್ತೆ. ಮೆಚ್ಚಿದವರ ಚಾಳಿ ನಮಗೇ ಗೊತ್ತಿಲ್ಲದೆ ಕೈಗೆ ಬಂದಿರುತ್ತೆ" ಎಂದಳು ಡಾ. ದೇಚಮ್ಮ. ಯಂತ್ರವನ್ನು ಕಟ್ಟಿದವಳು ಅವಳೇ. ಜಯಕರರ ಗೆಳೆಯ, ತೀರಿಕೊಂಡ ಪೂವಯ್ಯನ ಮಗಳು.

ಅವಳು ೧೯೬೭ರ ಕಾಲೇಜು ಸ್ಪರ್ಧೆಯ ಹಳೆಯ ಟೇಪನ್ನು ಹಾಕಿದಳು. ಪೂವಯ್ಯನ ಹೆಸರಿನಿಂದ ಗೆರೆಯೊಂದು ಹೊರಟು ಜಯಕರರ ಹೆಸರಿಗೆ ಬಂತು. ಅಲ್ಲಿಂದ ನಲವತ್ತಮೂರು ಶಿಷ್ಯರ ಹೆಸರುಗಳಿಗೆ ಕವಲೊಡೆಯಿತು.

"ನೋಡಿ! ನಿಮ್ಮ ಶಿಷ್ಯರು ಒಬ್ಬರೂ ಮೂರನೇ ತಂತಿ ಮುಟ್ಟಲ್ಲ. ಹೊರಗಿನವರು ಮೈಸೂರು ಶೈಲಿ ಅಂತ ಕೊಂಡಾಡೋದು ಇದನ್ನೇ. ಮೂಲ ನಮ್ಮಪ್ಪ! ಬೇಕಂತಲೇ ಒಂದು ತಂತಿ ಬಿಟ್ಟು ವೇದಿಕೆ ಹತ್ತಿದ್ರಲ್ಲ, ಅಬ್ಬಾ, ಏನು ಎದೆಗಾರಿಕೆ! ನೀವು ಅವರನ್ನ ಎಷ್ಟು ಮೆಚ್ಚಿದ್ರಿ ಅಂತ ಇದರಲ್ಲೇ ಗೊತ್ತಾಗುತ್ತೆ."

ಭಾನುವಾರ ಕಾಲೇಜಿನಲ್ಲಿ, ಈ ಶೈಲಿಯ ಮೂಲಪುರುಷನೆಂದು ಪೂವಯ್ಯನ ಹೆಸರಿನ ಫಲಕ ಬರಲಿತ್ತು. ಸ್ಪರ್ಧೆಯ ದಿನ ಜೊತೆಗಿದ್ದ ಸಾಕ್ಷಿಯೆಂದು ಜಯಕರ ಒಂದು ಕಾಗದಕ್ಕೆ ಸಹಿ ಹಾಕಬೇಕು, ಅಷ್ಟೇ. ದೇಚಮ್ಮ ಪೆನ್ನು ಮುಂದೆ ಹಿಡಿದಳು.

ಹಾಕಿಬಿಡಬಹುದಿತ್ತು. ಮಗಳ ಕಣ್ಣಲ್ಲಿ ಅಪ್ಪ ದೊಡ್ಡವನಾಗಿಯೇ ಉಳಿಯುತ್ತಿದ್ದ, ಇವರ ಮಾನವೂ ಉಳಿಯುತ್ತಿತ್ತು. ಆದರೆ ಅರವತ್ತಾರು ವರ್ಷ ಬಾಯಿ ಮುಚ್ಚಿಕೊಂಡಿದ್ದೇ ಸಾಕಾಗಿತ್ತು ಮುದುಕನಿಗೆ.

"ನಿಮ್ಮಪ್ಪ ಬಿಟ್ಟಿದ್ದಲ್ಲ ಕಣಮ್ಮ. ನಾನು ಕದ್ದಿದ್ದು."

"ಏನಂದ್ರಿ?"

"ಅವತ್ತು ನನ್ನ ಮೂರನೇ ತಂತಿ ಕಿತ್ತುಹೋಯ್ತು. ಈ ಊರಲ್ಲಿ ಆಗ ಎಲ್ಲಿ ಸಿಗ್ತಿತ್ತು? ಪೂವಯ್ಯ ಕಾಫಿಗೆ ಅಂತ ಹೋಗಿದ್ದ. ಅವನ ಗಿಟಾರಿಂದ ಬಿಚ್ಕೊಂಡೆ. ಅವನು ಬಂದು ನೋಡೋ ಹೊತ್ತಿಗೆ ಅವನ ಹೆಸರು ಕೂಗಿಬಿಟ್ರು. ಪಾಪ, ಐದೇ ತಂತೀಲಿ ತಡಕಾಡ್ಕೊಂಡು ನುಡಿಸಿದ. ಬಹುಮಾನ ನನಗೆ ಬಂತು. ಅವನು ಮತ್ತೆ ಗಿಟಾರ್ ಮುಟ್ಟಲೇ ಇಲ್ಲ."

ದೇಚಮ್ಮ ಪರದೆಯನ್ನೊಮ್ಮೆ, ಅವರನ್ನೊಮ್ಮೆ ನೋಡಿದಳು. "ಆಮೇಲೆ ನೀವೂ ಆ ತಂತಿ ಮುಟ್ಟಿಲ್ಲ ಅಂತ ಯಂತ್ರ ಹೇಳ್ತಿದೆ."

"ಮುಟ್ಟೋಕೆ ಹೋದ್ರೆ ಅವನ ಮುಖ ಕಣ್ಮುಂದೆ ಬರೋದು. ಮಿಕ್ಕಿದ್ದರಲ್ಲೇ ಹೊಂದಿಸ್ಕೊಂಡೆ. ಹುಡುಗರು ಅದನ್ನೇ ಪಾಠ ಅಂದ್ಕೊಂಡ್ರು. ಮೆಚ್ಚಿಗೆ ಅಲ್ಲಮ್ಮ ಅದು. ನಾಚಿಕೆ."

ಯಂತ್ರ ಗೆರೆಯನ್ನು ಸರಿಯಾಗಿಯೇ ಎಳೆದಿತ್ತು. ಅದು ಯಾವುದರ ಗೆರೆ ಎಂದು ಹೇಳುವ ಶಕ್ತಿ ಮಾತ್ರ ಅದಕ್ಕಿರಲಿಲ್ಲ. ದೇಚಮ್ಮ ಕಾಗದವನ್ನು ಮಡಿಸಿ ಪಕ್ಕಕ್ಕಿಟ್ಟಳು.

"ಕ್ಷಮಿಸಿದೀನಿ ಅಂತ ಹೇಳೋಕೆ ನನ್ನಿಂದ ಈಗ ಆಗಲ್ಲ ಅಂಕಲ್. ನಿಮ್ಮ ಶಿಷ್ಯರಿಗೆಲ್ಲ ಇದನ್ನ ನೀವೇ ಹೇಳಿ."

ಭಾನುವಾರ ಫಲಕ ಬರಲಿಲ್ಲ, ಶಿಷ್ಯರು ಬಂದರು. ಜಯಕರ ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಕೊನೆಗೆ ಕೈಮುಗಿದು, "ನನ್ನ ಪಾಪ ನನಗಿರಲಿ. ಇನ್ಮೇಲಾದ್ರೂ ನೀವು ಆರೂ ತಂತಿ ನುಡಿಸ್ರಪ್ಪ" ಎಂದರು.

ಗಿಟಾರುಗಳು ಹೊರಬಂದವು. ಎಲ್ಲರಿಗಿಂತ ಹಿರಿಯ ಶಿಷ್ಯ ಮಾದಪ್ಪ, ಮೊಮ್ಮಕ್ಕಳನ್ನು ಕಂಡವನು, ಮೂರನೇ ತಂತಿ ಮುಟ್ಟಲು ಮೂರು ಸಲ ಪ್ರಯತ್ನಿಸಿದ. ಮೂರು ಸಲವೂ ಬೆರಳು ಹಿಂದಕ್ಕೆ ಬಂತು. ಅವನು ಮೇಷ್ಟ್ರ ಕಡೆ ನೋಡಲಾರದೆ ತಲೆ ತಗ್ಗಿಸಿದ.

"ಆಗ್ತಿಲ್ಲ ಮೇಷ್ಟ್ರೇ. ಅಲ್ಲಿ ಬೆರಳಿಟ್ರೆ ಏನೋ ತಪ್ಪು ಮಾಡ್ದಂಗೆ ಅನ್ಸುತ್ತೆ."