ಬಿಸಿಯಾಗದ ಗೇರ್‌ಬಾಕ್ಸ್

ಬೆಳಿಗ್ಗೆಯಿಂದ ಗೇರ್‌ಬಾಕ್ಸ್ ಒಮ್ಮೆಯೂ ಬಿಸಿಯಾಗಿರಲಿಲ್ಲ. ಅವಳ ಮುಖ ಬಾಡಿದ್ದು ಅದಕ್ಕೇ. ಅವನು ಅದನ್ನು ಸುಸ್ತು ಅಂದುಕೊಂಡ.

"ಸ್ವಲ್ಪ ಕಣ್ಣು ಮುಚ್ಕೊಳ್ಳಿ ಮೇಡಂ. ರೀಡಿಂಗ್ ನಾನು ನೋಡ್ಕೋತೀನಿ."

"ನೀವು ರಸ್ತೆ ನೋಡಿ, ಸಾಕು."

ಹೊಸ ಎಸ್‌ಯುವಿ ಮಾರಾಟಕ್ಕೆ ಹೋಗುವ ಮುಂಚೆ ಅದನ್ನು ಟ್ರಾಫಿಕ್ಕಿನಲ್ಲಿ ದಿನವಿಡೀ ಓಡಿಸಿ ನೋಡುವುದು ಅವರ ಕೆಲಸ. ಅವನು ಚಾಲಕ, ಅವಳು ಪಕ್ಕದಲ್ಲಿ ಕೂತು ಕ್ಲಚ್ಚಿನ ಶಾಖ ಗಮನಿಸುವವಳು. ಹಿಂದಿನ ಸೀಟುಗಳಲ್ಲಿ, ಒಂದು ಸಂಸಾರದ ತೂಕಕ್ಕೆಂದು, ಬೆಲ್ಟ್ ಬಿಗಿದ ಮರಳಿನ ಚೀಲಗಳು. ಅವಕ್ಕೆಲ್ಲ ಅವನು ನೆಂಟಸ್ತಿಕೆ ಹಚ್ಚಿದ್ದ.

"ಅತ್ತೆಯವರು ಇವತ್ತು ಮಾತೇ ಆಡ್ತಿಲ್ಲ," ಎಂದ ಕನ್ನಡಿ ನೋಡುತ್ತ.

"ಯಾರ ಅತ್ತೆ?"

"ಬಿಗುಮಾನ ನೋಡಿದ್ರೆ ನಿಮ್ಮಮ್ಮನೇ ಇರ್ಬೇಕು."

ಅವಳು ನಗುವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು.

ಈ ಗೇರ್‌ಬಾಕ್ಸಿಗೆ ಕ್ಲಚ್ ಎರಡು. ಒಂದು, ಮೂರು, ಐದನೇ ಗೇರು ಒಂದರ ಪಾಲು. ಎರಡು, ನಾಲ್ಕು, ಆರು ಇನ್ನೊಂದರದು. ಒಂದು ಬಿಡುವಷ್ಟರಲ್ಲಿ ಮತ್ತೊಂದು ಹಿಡಿದಿರುತ್ತದೆ. ಖಾಲಿ ರಸ್ತೆಯಲ್ಲಿ ಗೇರು ಬದಲಾದದ್ದೇ ಗೊತ್ತಾಗದು. ತಕರಾರೆಲ್ಲ ತೆವಳುವ ಟ್ರಾಫಿಕ್ಕಿನಲ್ಲಿ. ಅಲ್ಲಿ ಕ್ಲಚ್ ಪೂರ್ತಿ ಹಿಡಿಯಲೂ ಆಗದೆ, ಬಿಡಲೂ ಆಗದೆ, ಉಜ್ಜಿ ಉಜ್ಜಿ ಬಿಸಿಯಾಗುತ್ತದೆ. ಮೊದಲಿದ್ದ ಹಳೆಯ ಗೇರ್ ಪೆಟ್ಟಿಗೆ ದಿನಕ್ಕೊಮ್ಮೆಯಾದರೂ ಕೆಂಪು ದೀಪ ಹಾಕಿ ನಿಂತುಬಿಡುತ್ತಿತ್ತು. ಅದು ತಣಿಯುವವರೆಗೆ ಮರದ ನೆರಳು, ಫ್ಲಾಸ್ಕಿನ ಚಹಾ, ಇಬ್ಬರ ಮಾತು. ಅವನ ಮುಖವನ್ನು ಅವಳು ಕಣ್ತುಂಬ ನೋಡಿದ್ದೆಲ್ಲ ಆ ನೆರಳಿನಲ್ಲೇ.

ಈ ವಾರ ಎಂಜಿನಿಯರುಗಳು ಹೊಸ ಪೆಟ್ಟಿಗೆ ಕೂರಿಸಿದ್ದರು. ಇದರ ಕ್ಲಚ್ಚುಗಳು ಎಣ್ಣೆಯಲ್ಲಿ ಮುಳುಗಿರುತ್ತವೆ, ಸುಲಭಕ್ಕೆ ಬಿಸಿಯಾಗುವುದಿಲ್ಲ. ಪರೀಕ್ಷೆ ಇವತ್ತಿಗೆ ಮುಗಿಯಿತು. ನಾಳೆಯಿಂದ ಅವನು ಬೇರೆ ಊರಿನ ಗಾಡಿಗೆ, ಅವಳು ಆಫೀಸಿನ ಕುರ್ಚಿಗೆ.

ಕೊನೆಯ ರೀಡಿಂಗ್ ಕಳಿಸಿ ಲ್ಯಾಪ್‌ಟಾಪ್ ಮುಚ್ಚಿದಳು. ಕಾರ್ಖಾನೆಯ ಗೇಟಿಗೆ ಹೋಗುವ ಏರಿನಲ್ಲಿ ಲಾರಿಗಳ ಸಾಲು. ಅವನು ಬ್ರೇಕ್ ಒತ್ತಿದ.

"ಬ್ರೇಕ್ ಬೇಡ," ಎಂದಳು. ತನ್ನ ದನಿ ತನಗೇ ಹೊಸದೆನಿಸಿತು. "ಗಾಡೀನ ಆಕ್ಸಿಲರೇಟರ್‌ನಲ್ಲೇ ಹಿಡ್ಕೊಳ್ಳಿ."

"ಏರಿನಲ್ಲಿ ಹಾಗೆ ಮಾಡ್ಬೇಡಿ ಅಂತ ದಿನಾ ಬೈತಿದ್ದೋರು ನೀವೇ. ಕ್ಲಚ್ ಬಿಸಿಯಾಗುತ್ತೆ."

"ಆಗ್ಲಿ. ಬಿಸಿಯಾದ್ರೆ ನಿಲ್ಲಿಸ್ಬೇಕಾಗುತ್ತಲ್ಲ."

ಅವನು ತಿರುಗಿ ನೋಡಿದ. ದಿನದ ಧೂಳೆಲ್ಲ ತುಂಬಿದ್ದ ಅವನ ಕಣ್ಣುಗಳಿಗೆ ಮಾತು ನಿಧಾನವಾಗಿ ಅರ್ಥವಾಯಿತು. ಅವಳು ಮುಖ ತಗ್ಗಿಸಲಿಲ್ಲ.

"ಇದು ಎಣ್ಣೆಯದು ಕಣ್ರೀ," ಎಂದ ಮೆಲ್ಲಗೆ. "ಬಿಸಿಯಾಗೋಕೆ ತುಂಬ ಹೊತ್ತು ಹಿಡಿಯುತ್ತೆ. ಸುಮ್ನೆ ನಿಲ್ಲಿಸ್ಲಾ?"

"ನಿಲ್ಸಿ."

ಬದಿಗೆ ಸರಿದು ಎಂಜಿನ್ ಆರಿಸಿದ. ಇಬ್ಬರಿಗೂ ಮೈಕೈಯೆಲ್ಲ ನೋವು. ಗೇರಿನ ಮೇಲಿದ್ದ ಅವನ ಕೈಯ ಮೇಲೆ ಅವಳು ತನ್ನ ಕೈಯಿಟ್ಟಳು. ಲಾರಿಗಳು ಒಂದೊಂದಾಗಿ ಮುಂದೆ ಹೋದವು.